ಪಕ್ಕದ ಮನೆಯ ಸೋಲು: ಒಂದು ಸಂದರ್ಶನ ಪ್ರಶ್ನೆಯ ಪ್ರಕರಣ

‘ನಿಮ್ಮ ಕೆಲಸದಲ್ಲಿ ನೀವು ಸೋತ ಒಂದು ಸಂದರ್ಭವನ್ನು ಹೇಳಿ’ ಎಂಬ ಪ್ರಶ್ನೆಗೆ ಅವರು ಮೂರು ಕಡೆ ಉತ್ತರ ಕೊಟ್ಟಿದ್ದರು. ಮೂರು ಕಡೆಯೂ ಕೆಲಸ ಸಿಕ್ಕಿರಲಿಲ್ಲ. ಅದಕ್ಕೆ ಈ ಪ್ರಶ್ನೆಯೇ ಕಾರಣವೆಂದು ಯಾರೂ ಹೇಳಿರಲಿಲ್ಲ. ಬೇಡವೆಂದವರು ಕಾರಣ ಹೇಳುವುದು ಅಪರೂಪ. ಆದರೆ ಅಲ್ಲಿಯವರೆಗೆ ಸಲೀಸಾಗಿ ಸಾಗುತ್ತಿದ್ದ ಮಾತು ಆ ಪ್ರಶ್ನೆಯಾದ ಮೇಲೆ ತಣ್ಣಗಾಗುತ್ತಿತ್ತು, ಎದುರಿಗಿದ್ದವರು ಮುಂದಿನ ಪುಟ ತಿರುವುತ್ತಿದ್ದರು ಎಂದು ಅವರು ನನಗೆ ಹೇಳಿದರು. ನಾಲ್ಕನೆಯ ಸಂದರ್ಶನಕ್ಕೆ ಆಗ ಹನ್ನೆರಡು ದಿನ ಉಳಿದಿತ್ತು.

ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರು ಹನ್ನೊಂದು ವರ್ಷಗಳಿಂದ ಸಂಬಳ ವಿಭಾಗದಲ್ಲಿ ಕೆಲಸ ಮಾಡಿದವರು. ಲೆಕ್ಕದಲ್ಲಿ ಗಟ್ಟಿ, ಮಾತಿನಲ್ಲಿ ಮಿತ. ಅರ್ಜಿ ಹಾಕಿದ್ದು ಏಳು ಜನರ ತಂಡವನ್ನು ನಡೆಸುವ ಮುಖ್ಯಸ್ಥರ ಹುದ್ದೆಗೆ. ನಾನು ಹಲವು ವರ್ಷ ಆಯ್ಕೆ ಸಮಿತಿಗಳಲ್ಲಿ ಕುಳಿತಿದ್ದೇನೆ, ಈಗ ಸಂದರ್ಶನಕ್ಕೆ ಹೋಗುವವರಿಗೆ ಅಭ್ಯಾಸ ಮಾಡಿಸುತ್ತೇನೆ. ಆ ಹನ್ನೆರಡು ದಿನಗಳಲ್ಲಿ ನಾವು ನಾಲ್ಕು ಬಾರಿ ಕುಳಿತೆವು. ಒಂದೇ ಪ್ರಶ್ನೆಗೆ ನಾಲ್ಕು ಬೇರೆ ಬೇರೆ ಉತ್ತರಗಳು ಬಂದವು. ಈ ಬರಹ ಆ ನಾಲ್ಕರ ಕಥೆ.

ಮೊದಲ ಉತ್ತರ

ಮೊದಲನೆಯದನ್ನು ಬೇಗ ಮುಗಿಸಿಬಿಡುತ್ತೇನೆ, ಏಕೆಂದರೆ ಓದುವವರಿಗೆ ಅದು ಮೊದಲೇ ಗೊತ್ತು. ‘ನಾನು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂಬ ಹಟದವಳು. ಅದರಿಂದ ಒಮ್ಮೆ ಒಂದು ವರದಿ ಎರಡು ದಿನ ತಡವಾಯಿತು.’ ಸೋಲಿನ ವೇಷ ಹಾಕಿಕೊಂಡ ಹೊಗಳಿಕೆ ಇದು. ಆಯ್ಕೆ ಸಮಿತಿಯಲ್ಲಿ ಕುಳಿತಿದ್ದಾಗ ಇಂಥ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ‘ಅಚ್ಚುಕಟ್ಟು’ ಎಂಬ ಶಬ್ದ ಬರುವ ಮೊದಲೇ ಅದು ಬರುತ್ತಿದೆಯೆಂದು ತಿಳಿದುಬಿಡುತ್ತಿತ್ತು. ಕೇಳಿದವರಿಗೆ ಇದರಿಂದ ಕೋಪವೇನೂ ಬರುವುದಿಲ್ಲ. ಅಂಕಪಟ್ಟಿಯಲ್ಲಿ ಬರೆಯಲು ಏನೂ ಸಿಗುವುದಿಲ್ಲ, ಅಷ್ಟೇ.

ಈ ಅಂಕಪಟ್ಟಿಯ ವಿಷಯ ಅಭ್ಯರ್ಥಿಗಳಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಬಹಳ ಕಡೆ ಸಂದರ್ಶನವೆಂದರೆ ಹರಟೆಯಲ್ಲ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಾರೆ, ಪ್ರತಿ ಉತ್ತರಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಯಾವ ಬಗೆಯ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಇದಕ್ಕೆ ಕಾರಣವಿದೆ. ಮುಂದೆ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂಬುದನ್ನು ಯಾವ ಆಯ್ಕೆ ವಿಧಾನ ಸರಿಯಾಗಿ ಊಹಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ, ಹೀಗೆ ಚೌಕಟ್ಟು ಹಾಕಿದ ಸಂದರ್ಶನವೇ ಪಟ್ಟಿಯ ಮೇಲ್ತುದಿಗೆ ಬಂತು. ಅದರ ಹೊಂದಾಣಿಕೆ ಅಂಕ (ಊಹೆ ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0) 0.42, ಮನಸ್ಸಿಗೆ ಬಂದದ್ದನ್ನು ಕೇಳುತ್ತ ಹೋಗುವ ಸಂದರ್ಶನದ್ದು 0.19. ಹಾಗಾಗಿ ಸೋಲಿನ ಪ್ರಶ್ನೆಗೆ ಬಣ್ಣದ ಉತ್ತರ ಕೊಟ್ಟು ಜಾರಿಕೊಂಡೆವೆಂದು ನಾವು ನಿಟ್ಟುಸಿರು ಬಿಡುವಾಗ, ಎದುರಿಗಿದ್ದವರು ಆ ಸಾಲಿನಲ್ಲಿ 1 ಅಥವಾ 2 ಬರೆದು ಮುಂದಕ್ಕೆ ಹೋಗಿರುತ್ತಾರೆ.

ಇದನ್ನೆಲ್ಲ ಅವರಿಗೆ ಹೇಳಿದೆ. ‘ಹಾಗಾದರೆ ನಿಜವಾದ ಸೋಲನ್ನೇ ಹೇಳುತ್ತೇನೆ’ ಎಂದರು. ಎಲ್ಲ ಸಲೀಸಾಗಿ ಮುಗಿಯುತ್ತದೆ ಎಂದು ನಾನೂ ಅಂದುಕೊಂಡೆ.

ಎರಡನೆಯ ಉತ್ತರ

ಅದನ್ನು ಅವರು ಹೇಳಿದಂತೆಯೇ ಬರೆದುಕೊಂಡಿದ್ದೇನೆ:

‘ಹೆಚ್ಚುವರಿ ಅವಧಿಯ ದುಡಿಮೆಗೆ ಕೊಡುವ ದರ ಬದಲಾಗಿತ್ತು. ಆದೇಶ ತಡವಾಗಿ ಬಂತು. ದರಪಟ್ಟಿಯಲ್ಲಿ ಜಾರಿ ದಿನಾಂಕ ತಪ್ಪಾಗಿ ನಮೂದಾಯಿತು. ತಂತ್ರಾಂಶ ಎಚ್ಚರಿಸಲಿಲ್ಲ. 214 ಜನರಿಗೆ ಹೆಚ್ಚು ಹಣ ಹೋಯಿತು. ಮುಂದಿನ ತಿಂಗಳುಗಳಲ್ಲಿ ಅದನ್ನು ವಸೂಲು ಮಾಡಲಾಯಿತು. ಆಮೇಲೆ ನಾನು ಹೊಸ ತಪಾಸಣಾ ಪಟ್ಟಿಯನ್ನು ರೂಪಿಸಿದೆ.’

ಇದು ನಿಜವಾದ ಸೋಲು, ಅನುಮಾನವಿಲ್ಲ. ಹೊಸ ದರ ತಿಂಗಳ 16ರಿಂದ ಅನ್ವಯವಾಗಬೇಕಿತ್ತು, ದರಪಟ್ಟಿಗೆ ಸೇರಿದ್ದು 1 ಎಂದು. ಹಾಗಾಗಿ ತಿಂಗಳ ಮೊದಲರ್ಧದ ಹೆಚ್ಚುವರಿ ಗಂಟೆಗಳಿಗೂ ಹೊಸ ದರದಲ್ಲೇ ಹಣ ಹೋಯಿತು. ಕಡಿಮೆ ಹೋಗಿದ್ದರೆ ಮರುದಿನ ತುಂಬಿಕೊಟ್ಟು ಕ್ಷಮೆ ಕೇಳಬಹುದಿತ್ತು. ಸಂಬಳ ವಿಭಾಗದವರಿಗೆ ಹೆಚ್ಚು ಹೋಗುವುದೇ ದೊಡ್ಡ ತಲೆನೋವು, ಏಕೆಂದರೆ ಕೊಟ್ಟದ್ದನ್ನು ಹಿಂದಕ್ಕೆ ಕೇಳಬೇಕು. ಆ ಹೊತ್ತಿಗೆ ಹಲವರ ಕೈಯಲ್ಲಿ ಆ ಹಣ ಉಳಿದಿರಲಿಲ್ಲ. ಮೂರು ಕಂತುಗಳಲ್ಲಿ ಮುರಿದುಕೊಂಡರೂ, ತಮ್ಮದಲ್ಲದ ತಪ್ಪಿಗೆ ತಾವು ತೆರುತ್ತಿದ್ದೇವೆ ಎಂಬ ಸಿಟ್ಟು ಉಳಿಯಿತು.

ಆದರೂ ಆ ಉತ್ತರ ಕೇಳಿದಾಗ ನನಗೆ ಏನೋ ಕೊರೆಯಿತು. ಬರೆದುಕೊಂಡಿದ್ದ ಏಳು ವಾಕ್ಯಗಳನ್ನು ಅವರ ಮುಂದಿಟ್ಟು, ‘ಇದರಲ್ಲಿ ನೀವು ಎಲ್ಲಿದ್ದೀರಿ?’ ಎಂದು ಕೇಳಿದೆ. ಅವರು ಓದಿದರು. ದರ ಬದಲಾಗಿತ್ತು, ಆದೇಶ ಬಂತು, ದಿನಾಂಕ ನಮೂದಾಯಿತು, ತಂತ್ರಾಂಶ ಎಚ್ಚರಿಸಲಿಲ್ಲ, ಹಣ ಹೋಯಿತು, ವಸೂಲು ಮಾಡಲಾಯಿತು. ‘ನಾನು’ ಬಂದದ್ದು ಏಳನೆಯ ವಾಕ್ಯದಲ್ಲಿ, ತಪಾಸಣಾ ಪಟ್ಟಿಯ ಜೊತೆಗೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಕರುಣಾಳು. ‘ತಪ್ಪಾಯಿತು’ ಎಂದು ಒಂದೇ ಮಾತಿನಲ್ಲಿ ತಪ್ಪನ್ನು ಒಪ್ಪಿಕೊಂಡಂತೆಯೂ ಆಗುತ್ತದೆ, ಮಾಡಿದವರು ಕಾಣದಂತೆಯೂ ಆಗುತ್ತದೆ. ಲೋಟ ‘ಒಡೆದುಹೋಯಿತು’, ಕಾಗದ ‘ಕಳೆದುಹೋಯಿತು’, ಮಾತು ‘ಬಾಯಿತಪ್ಪಿ ಬಂತು’. ‘ನಮೂದಾಯಿತು’ ಎನ್ನುವಲ್ಲಿ ‘ನಮೂದಿಸಿದೆ’ ಎಂದರೆ ಉಚ್ಚರಿಸಲು ಹೆಚ್ಚಿನ ಶ್ರಮವೇನಿಲ್ಲ, ಆದರೆ ಕ್ರಿಯಾಪದದ ಕೊನೆಯಲ್ಲಿ ನಾವು ಬಂದು ನಿಲ್ಲುತ್ತೇವೆ. ಇದರ ಇನ್ನೊಂದು ಮುಖ ‘ನಾವು’. ಗೆದ್ದ ಕಥೆಯಲ್ಲಿ ‘ನಾನು’ ಎನ್ನುವ ಬಾಯಿ ಸೋತ ಕಥೆಗೆ ಬಂದಾಗ ‘ನಾವು’ ಎಂದುಬಿಡುತ್ತದೆ. ಸಂದರ್ಶಕರು ವ್ಯಾಕರಣ ಪಂಡಿತರಲ್ಲ, ಆದರೂ ಇದು ಅವರ ಕಿವಿಗೆ ಬೀಳುತ್ತದೆ. ಏನು ಬಿತ್ತೆಂದು ಅವರಿಗೇ ತಿಳಿಯದೆಯೂ ಇರಬಹುದು.

ಇದು ಹೊಸ ರೋಗವಲ್ಲ. ಮನಶ್ಶಾಸ್ತ್ರಜ್ಞ ಜಾನ್ ಫ್ಲ್ಯಾನಗನ್ 1954ರಲ್ಲಿ ಬರೆದ ಒಂದು ಲೇಖನದಲ್ಲಿ ಹಿಂದಿನ ಒಂದು ಕೆಲಸವನ್ನು ನೆನೆಯುತ್ತಾರೆ. 1941ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಹಾರಾಟ ತರಬೇತಿಯಿಂದ ಹೊರಬಿದ್ದ 1,000 ಅಭ್ಯರ್ಥಿಗಳ ದಾಖಲೆಗಳನ್ನು ತೆಗೆದು, ಅವರು ಏಕೆ ಸೋತರು ಎಂದು ಅಧಿಕಾರಿಗಳು ಬರೆದಿದ್ದನ್ನು ಪರಿಶೀಲಿಸಲಾಯಿತು. ಸಿಕ್ಕಿದ್ದರಲ್ಲಿ ಬಹಳಷ್ಟು ಸವಕಲು ಮಾತು: ವಿವೇಚನೆ ಸಾಲದು, ಪ್ರಗತಿ ಸಾಲದು, ಹಾರುವ ಸಹಜ ಶಕ್ತಿ ಇಲ್ಲ. ಯಾರು ಯಾವ ಗಳಿಗೆಯಲ್ಲಿ ಏನು ಮಾಡಿದರು ಎಂಬುದು ಅಂಥ ಮಾತುಗಳಲ್ಲಿ ಇರಲಿಲ್ಲ. ಆ ಕೊರತೆಯನ್ನು ನೀಗಲು, ನಡೆದ ಒಂದೊಂದು ಘಟನೆಯನ್ನೇ ಹಿಡಿದು ‘ಆಗ ನೀವು ನಿಖರವಾಗಿ ಏನು ಮಾಡಿದಿರಿ’ ಎಂದು ಕೇಳುವ ಪದ್ಧತಿಯನ್ನು ಅವರು ಕಟ್ಟಿದರು. ಇಂದು ನಮ್ಮನ್ನು ಬೆವರಿಸುವ ‘ಒಂದು ಸಂದರ್ಭವನ್ನು ಹೇಳಿ’ ಎಂಬ ಪ್ರಶ್ನೆಯ ಬೇರು ಅಲ್ಲಿದೆ. ಅಂದರೆ ಆ ಪ್ರಶ್ನೆ ಹುಟ್ಟಿದ್ದೇ ಸವಕಲು ಉತ್ತರಗಳಿಂದ ಬೇಸತ್ತು. ಅದಕ್ಕೆ ಮತ್ತೆ ಸವಕಲು ಉತ್ತರ ಕೊಡುವುದು ಒಂದು ಬಗೆಯ ಇತಿಹಾಸದ್ರೋಹ.

ಏಳೂ ವಾಕ್ಯಗಳನ್ನು ‘ನಾನು’ ಇಟ್ಟು ತಿರುಗಿ ಹೇಳಲು ಕೇಳಿದೆ. ‘ಜಾರಿ ದಿನಾಂಕವನ್ನು ನಾನು ತಪ್ಪಾಗಿ ನಮೂದಿಸಿದೆ’ ಎಂದು ಹೇಳಲು ಅವರಿಗೆ ಮೂರು ಪ್ರಯತ್ನ ಬೇಕಾದವು. ಎರಡನೆಯ ಪ್ರಯತ್ನದಲ್ಲಿ ‘ನನ್ನಿಂದ ನಮೂದಾಯಿತು’ ಎಂದರು. ಇಬ್ಬರೂ ನಕ್ಕೆವು.

ಮೂರನೆಯ ಉತ್ತರ

ಮೂರನೆಯ ಸಲ ಕುಳಿತಾಗ ನಾನು ಬೇರೊಂದು ಪ್ರಶ್ನೆಯಿಂದ ಆರಂಭಿಸಿದೆ: ತಪ್ಪು ನಿಮಗೆ ಗೊತ್ತಾದದ್ದು ಯಾವಾಗ, ಅದನ್ನು ಮೇಲಿನವರಿಗೆ ಹೇಳಿದ್ದು ಯಾವಾಗ? ಸಮಿತಿಯಲ್ಲಿದ್ದಾಗ ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಇದು. ತಪ್ಪು ಯಾರಿಂದಲಾದರೂ ಆಗುತ್ತದೆ. ಗೊತ್ತಾದದ್ದಕ್ಕೂ ಹೇಳಿದ್ದಕ್ಕೂ ನಡುವೆ ಇರುವ ಹೊತ್ತಿನಲ್ಲಿ ಮನುಷ್ಯ ಏನು ಮಾಡಿದ ಎಂಬುದರಿಂದ, ನಾಳೆ ನನ್ನ ತಂಡದಲ್ಲಿ ಆತ ಹೇಗಿರುತ್ತಾನೆ ಎಂಬುದು ತಿಳಿಯುತ್ತದೆ.

ಸಂಬಳವಾದ ದಿನ ಬೆಳಿಗ್ಗೆ 11 ಗಂಟೆಗೆ ಬೇರೆ ವಿಭಾಗದ ನೌಕರರೊಬ್ಬರು ಕರೆ ಮಾಡಿ, ಈ ಸಲ ಹೆಚ್ಚು ಬಂದಿದೆಯಲ್ಲ ಎಂದು ಕೇಳಿದ್ದರು. ದರಪಟ್ಟಿ ತೆರೆದ ಹತ್ತು ನಿಮಿಷದಲ್ಲಿ ಇವರಿಗೆ ವಿಷಯ ಗೊತ್ತಾಯಿತು. ಮೇಲಧಿಕಾರಿಗೆ ಹೇಳಿದ್ದು ಮರುದಿನ ಬೆಳಿಗ್ಗೆ 9.30ಕ್ಕೆ. ನಡುವಿನ ಇಪ್ಪತ್ತೆರಡು ಗಂಟೆಗಳಲ್ಲಿ ಅವರು ಪ್ರತಿಯೊಬ್ಬರಿಗೂ ಎಷ್ಟು ಹೆಚ್ಚು ಹೋಗಿದೆ ಎಂದು ಲೆಕ್ಕ ಹಾಕಿದರು, ವಸೂಲಿಯ ಕಂತುಗಳನ್ನು ರೂಪಿಸಿದರು, ರಾತ್ರಿ ಒಂದರವರೆಗೆ ಕುಳಿತು ಟಿಪ್ಪಣಿ ಬರೆದರು. ಬರಿಗೈಯಲ್ಲಿ ಹೋಗಬಾರದು, ಪರಿಹಾರದೊಂದಿಗೆ ಹೋಗಬೇಕು ಎಂದು ಎಲ್ಲೋ ಕಲಿತಿದ್ದರು. ಆದರೆ ಮರುದಿನ 9 ಗಂಟೆಗೇ ಬೇರೆ ವಿಭಾಗದ ಮುಖ್ಯಸ್ಥರಿಂದ ಮೇಲಧಿಕಾರಿಗೆ ಸುದ್ದಿ ಮುಟ್ಟಿತ್ತು. ಟಿಪ್ಪಣಿ ಅಚ್ಚುಕಟ್ಟಾಗಿತ್ತು, ನಂಬಿಕೆ ಅರ್ಧ ಗಂಟೆ ಮೊದಲೇ ಹೋಗಿತ್ತು.

ಪರಿಹಾರ ಹೊಂದಿಸಿಕೊಂಡು ಹೋಗು ಎಂಬ ಉಪದೇಶದಿಂದ ಆದ ಹಾನಿಯ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬಹುದು. ಇಲ್ಲಿ ಇಷ್ಟು ಸಾಕು: ಮೊದಲ ಹತ್ತು ನಿಮಿಷದಲ್ಲಿ ಹೋಗಿ ‘ತಪ್ಪು ಮಾಡಿದ್ದೇನೆ, ಎಷ್ಟು ದೊಡ್ಡದೆಂದು ಸಂಜೆಯೊಳಗೆ ಹೇಳುತ್ತೇನೆ’ ಎಂದಿದ್ದರೆ ಅದೂ ಒಂದು ಪರಿಹಾರದ ಆರಂಭವೇ ಆಗುತ್ತಿತ್ತು.

ಈ ಭಾಗವನ್ನು ಸಂದರ್ಶನದಲ್ಲಿ ಹೇಳಬೇಕೇ ಎಂದು ಅವರು ಅಳುಕಿದರು. ಹೊರಗಿನ ಕಾರಣಗಳನ್ನು ಹೇಳಿದರೆ ತಾನೇ ನಾವು ಕಡಿಮೆ ಅಸಮರ್ಥರಾಗಿ ಕಾಣುವುದು? ಸಹಜವಾದ ಎಣಿಕೆ. ಫಿಯೋನಾ ಲೀ ಮತ್ತು ಇಬ್ಬರು ಸಹ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: 14 ಕಂಪನಿಗಳು 21 ವರ್ಷಗಳ ಅವಧಿಯಲ್ಲಿ ಹೊರಡಿಸಿದ ವಾರ್ಷಿಕ ವರದಿಗಳನ್ನು ಅವರು ಓದಿದರು. ಕೆಟ್ಟ ವರ್ಷಕ್ಕೆ ತಮ್ಮದೇ ಕೈಯಲ್ಲಿದ್ದ ಕಾರಣಗಳನ್ನು ಹೇಳಿಕೊಂಡ ಕಂಪನಿಗಳ ಷೇರು ಬೆಲೆ, ಹೊರಗಿನ ಕಾರಣಗಳತ್ತ ಬೆರಳು ತೋರಿಸಿದವುಗಳಿಗಿಂತ, ಒಂದು ವರ್ಷದ ನಂತರ ಮೇಲಿತ್ತು. ಕಂಪನಿಯಿಂದ ಮನುಷ್ಯನಿಗೆ ಈ ಹೋಲಿಕೆಯನ್ನು ಎಳೆಯುವುದು ಸ್ವಲ್ಪ ಅತಿಯಾದೀತು, ಒಪ್ಪುತ್ತೇನೆ. ಆದರೆ ಕೇಳುವವರ ಮನಸ್ಸು ನಡೆಯುವ ದಾರಿ ಒಂದೇ: ಕಾರಣ ನಿಮ್ಮ ಕೈಯಲ್ಲಿತ್ತು ಎಂದರೆ ಮುಂದಿನ ಸಲ ತಿದ್ದುವುದೂ ನಿಮ್ಮ ಕೈಯಲ್ಲಿದೆ ಎಂದಾಯಿತು. ಆದೇಶ ತಡವಾಗಿ ಬಂದದ್ದೇ ಕಾರಣವಾದರೆ, ಮುಂದೊಮ್ಮೆ ಆದೇಶ ತಡವಾದಾಗ ನೀವು ಮತ್ತೆ ಅಲ್ಲೇ ನಿಂತಿರುತ್ತೀರಿ.

ಇಲ್ಲಿಗೆ ತಳ ಮುಟ್ಟಿದೆವು ಎಂದುಕೊಂಡೆ. ಹಾಗೆಂದು ಅವರಿಗೂ ಹೇಳಿದೆ. ಅದು ನನ್ನ ತಪ್ಪು ಲೆಕ್ಕ.

ನಾಲ್ಕನೆಯ ಉತ್ತರ

ಕೊನೆಯ ಬಾರಿ ಕುಳಿತದ್ದು ಸಂದರ್ಶನಕ್ಕೆ ಮೂರು ದಿನ ಇದ್ದಾಗ. ಸಮಯ ಅಳೆಯುವುದಷ್ಟೇ ಉದ್ದೇಶವಾಗಿತ್ತು. ಸಂಬಳದ ಕೆಲಸದಲ್ಲಿ ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ ನೋಡುವ ವ್ಯತ್ಯಾಸ ವರದಿ ಎಂದೊಂದು ಇರುತ್ತದೆ. ಬ್ಯಾಂಕಿಗೆ ಪಾವತಿ ಕಡತ ಕಳುಹಿಸುವ ಮೊದಲು ಅದನ್ನು ನೋಡಲೇಬೇಕು. ಆ ತಿಂಗಳ ವರದಿಯಲ್ಲಿ ಹೆಚ್ಚುವರಿ ದುಡಿಮೆಯ ಮೊತ್ತ ಜಿಗಿದಿರಲೇಬೇಕಲ್ಲ, ಯಾರೂ ಗಮನಿಸಲಿಲ್ಲವೇ ಎಂದು ಕುತೂಹಲಕ್ಕೆ ಕೇಳಿದೆ. ಹೊಸ ದರ ಬಂದಿದೆ, ಹಾಗಾಗಿ ಜಿಗಿದಿದೆ ಎಂದುಕೊಂಡೆ ಎಂದರು. ನ್ಯಾಯವಾದ ಮಾತು. ‘ವರದಿಯನ್ನು ಬೇರೆ ಯಾರು ನೋಡಿದ್ದರು?’

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು.

ವಿಭಾಗಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಕಿರಿಯ ಸಹೋದ್ಯೋಗಿಯೊಬ್ಬ ಪಾವತಿ ಕಡತ ಹೋಗುವ ದಿನ ಮಧ್ಯಾಹ್ನ ನಾಲ್ಕಕ್ಕೆ ಅವರ ಮೇಜಿನ ಬಳಿ ಬಂದಿದ್ದ. ‘ಮೇಡಂ, ಹೊಸ ದರ ಹದಿನಾರರಿಂದ ಅಲ್ಲವೇ?’ ಎಂದು ಕೇಳಿದ್ದ. ಕಡತ ಐದಕ್ಕೆ ಬ್ಯಾಂಕಿಗೆ ಹೋಗಬೇಕಿತ್ತು. ಇವರು ಪರದೆಯಿಂದ ಕಣ್ಣು ತೆಗೆಯದೆ, ‘ಪರಿಶೀಲನೆ ಆಗಿದೆ, ಮುಂದಕ್ಕೆ ಕಳುಹಿಸು’ ಎಂದಿದ್ದರು. ಅವನು ಕಳುಹಿಸಿದ್ದ.

‘ಇದನ್ನು ಯಾರಿಗೂ ಹೇಳಿಲ್ಲ’ ಎಂದರು. ಮೇಲಧಿಕಾರಿಗೆ ಬರೆದ ಅಚ್ಚುಕಟ್ಟಾದ ಟಿಪ್ಪಣಿಯಲ್ಲೂ ಅದು ಇರಲಿಲ್ಲ.

ಸೋಲಿನ ಕಥೆ ಕೇಳಿದಾಗ ನಾವು ಸಾಮಾನ್ಯವಾಗಿ ಹೇಳುವುದು ಪಕ್ಕದ ಮನೆಯ ಕಥೆಯನ್ನು. ಬೀದಿ ಅದೇ, ಗೋಡೆಗೆ ಗೋಡೆ ತಾಗಿಕೊಂಡಿರುತ್ತದೆ, ಹೇಳಿದ್ದೆಲ್ಲ ನಿಜವೂ ಆಗಿರುತ್ತದೆ. ಆದರೆ ನಮ್ಮ ಮನೆಯ ಬಾಗಿಲು ಮುಚ್ಚಿಯೇ ಇರುತ್ತದೆ. ದಿನಾಂಕ ತಪ್ಪಾಗಿ ಬರೆದದ್ದು ಪಕ್ಕದ ಮನೆ. ಇಪ್ಪತ್ತೆರಡು ಗಂಟೆ ಸುಮ್ಮನಿದ್ದದ್ದು ಅದರ ಇನ್ನೊಂದು ಪಕ್ಕದ್ದು. ನಡುವಿನ ಮನೆಯಲ್ಲಿ ಒಬ್ಬ ಹುಡುಗ ಸರಿಯಾದ ಪ್ರಶ್ನೆ ಕೇಳಿಕೊಂಡು ನಿಂತಿದ್ದ.

ಯಾವುದನ್ನು ಹೇಳಬೇಕು ಎಂಬುದು ಈಗ ನಿಜವಾದ ಸಮಸ್ಯೆಯಾಯಿತು. ಮೂರನ್ನೂ ಹೇಳಿದರೆ ಅದು ಉತ್ತರವಾಗುವುದಿಲ್ಲ, ತಪ್ಪೊಪ್ಪಿಗೆಯಾಗುತ್ತದೆ. ಸಂದರ್ಶನ ಅದರ ಜಾಗವಲ್ಲ. ಎರಡು ನಿಮಿಷಕ್ಕೆ ಒಂದೇ ಸೋಲು. ಆಯ್ಕೆಗೆ ನಾನು ಇಟ್ಟುಕೊಳ್ಳುವ ಅಳತೆ ಇದು: ಹೋಗುತ್ತಿರುವ ಹುದ್ದೆಯ ಕೆಲಸಕ್ಕೆ ಯಾವ ಸೋಲು ಹತ್ತಿರ? ಅವರು ಹೋಗುತ್ತಿದ್ದುದು ದಿನಾಂಕಗಳನ್ನು ನಮೂದಿಸುವ ಹುದ್ದೆಗಲ್ಲ, ಏಳು ಜನರ ಮಾತು ಕೇಳಬೇಕಾದ ಹುದ್ದೆಗೆ. ಹತ್ತಿರದ ಸೋಲನ್ನು ಹೇಳುವುದು ಅಪಾಯವೂ ಹೌದು. ‘ಮುಖ್ಯಸ್ಥರಾಗುವವರು ಕಿರಿಯರ ಮಾತು ಕೇಳುವುದಿಲ್ಲವಂತೆ’ ಎಂದು ಬರೆದುಕೊಳ್ಳುವ ಸಂದರ್ಶಕರು ಇರುತ್ತಾರೆ. ಅದಕ್ಕಾಗಿ ಒಂದು ಷರತ್ತು: ಆ ಸೋಲಿನ ನಂತರ ನೀವು ನಿಜಕ್ಕೂ ಏನಾದರೂ ಬದಲಿಸಿರಬೇಕು, ಆ ಬದಲಾವಣೆಗೆ ಪುರಾವೆ ಇರಬೇಕು. ಗಾಯ ಹಸಿಯಾಗಿದ್ದರೆ, ಬದಲಾವಣೆ ಇನ್ನೂ ಸಂಕಲ್ಪದ ಮಟ್ಟದಲ್ಲೇ ಇದ್ದರೆ, ಆ ಕಥೆಯನ್ನು ಮುಟ್ಟಬಾರದು. (ವಂಚನೆ, ಕಾನೂನಿನ ಉಲ್ಲಂಘನೆ, ಇನ್ನೊಬ್ಬರ ಗುಟ್ಟು ಇರುವ ಸೋಲುಗಳು ಈ ಚರ್ಚೆಗೇ ಬರುವುದಿಲ್ಲ. ಹಳೆಯ ಸಂಸ್ಥೆಯ ಒಳಗಿನ ವಿಷಯವನ್ನು ಬಿಚ್ಚಿಡುವವರನ್ನು ಹೊಸ ಸಂಸ್ಥೆ ನಂಬುವುದಿಲ್ಲ.)

ಅವರ ಬಳಿ ಪುರಾವೆ ಇತ್ತು. ಆ ಘಟನೆಯಾಗಿ ಎರಡೂವರೆ ವರ್ಷ ಕಳೆದಿತ್ತು. ತಪಾಸಣಾ ಪಟ್ಟಿ ಎಂದು ಅವರು ಹಿಂದೆ ಹೇಳಿದ್ದರ ಒಳಗೆ ಒಂದು ಸಾಲು ಅಡಗಿತ್ತು: ಕಡತ ತಯಾರಿಸದ ಯಾರಾದರೊಬ್ಬರು ವ್ಯತ್ಯಾಸ ವರದಿಯ ಅತಿ ದೊಡ್ಡ ಜಿಗಿತಕ್ಕೆ ಕಾರಣ ಹೇಳಬೇಕು; ಯಾರೇ ಪ್ರಶ್ನೆ ಎತ್ತಿದರೂ ಮೂಲ ಆದೇಶವನ್ನು ತೆರೆದು ತೋರಿಸುವವರೆಗೆ ಕಡತ ಹೋಗಬಾರದು. ಈ ನಿಯಮದಿಂದ ಎರಡು ಸಲ ಕಡತ ನಿಂತಿತ್ತು. ಒಮ್ಮೆ ನಿಜಕ್ಕೂ ತಪ್ಪು ಸಿಕ್ಕಿತು. ಇನ್ನೊಮ್ಮೆ ಪ್ರಶ್ನೆಯೇ ತಪ್ಪಾಗಿತ್ತು, 40 ನಿಮಿಷ ವ್ಯರ್ಥವಾಯಿತು. ಆ 40 ನಿಮಿಷವನ್ನೂ ಹೇಳಿ ಎಂದೆ. ಬೆಲೆಯಿಲ್ಲದ ಪಾಠವನ್ನು ಯಾರೂ ನಂಬುವುದಿಲ್ಲ.

ಉತ್ತರವನ್ನು ಕಟ್ಟುವಾಗ ‘ಸ್ಟಾರ್’ ಎಂಬ ಹೆಸರಿನ ಆ ಪ್ರಸಿದ್ಧ ಅಚ್ಚನ್ನು ಅವರು ತಂದಿದ್ದರು: ಸನ್ನಿವೇಶ, ಹೊಣೆ, ಕ್ರಮ, ಫಲಿತಾಂಶ. ಗೆಲುವಿನ ಕಥೆಗೆ ಅದು ಒಳ್ಳೆಯ ಅಚ್ಚು. ಸೋಲಿನ ಕಥೆಯನ್ನು ಅದರಲ್ಲಿ ಸುರಿದರೆ ಎರಡು ತೊಂದರೆ. ಕೊನೆಯ ಮನೆ ‘ಫಲಿತಾಂಶ’ವಾದ್ದರಿಂದ ಎಲ್ಲ ಸುಖಾಂತವಾಯಿತು ಎಂದು ಮುಗಿಸುವ ಒತ್ತಡ ಬರುತ್ತದೆ. ಮತ್ತು, ನಾವು ತಪ್ಪು ದಾರಿ ಹಿಡಿದ ಆ ಗಳಿಗೆಗೆ ಅದರಲ್ಲಿ ಪ್ರತ್ಯೇಕ ಜಾಗವಿಲ್ಲ. ಕ್ರಮದ ಗದ್ದಲದಲ್ಲಿ ಅದು ಕಳೆದುಹೋಗುತ್ತದೆ. ಹಾಗಾಗಿ ಅಚ್ಚನ್ನು ಬದಿಗಿಟ್ಟು, ಆ ನಾಲ್ಕು ಗಂಟೆಯ ಗಳಿಗೆಯಿಂದಲೇ ಶುರುಮಾಡಿದೆವು. ಕೊನೆಗೆ ಉಳಿದದ್ದು ಇದು:

‘ಎರಡೂವರೆ ವರ್ಷದ ಹಿಂದೆ, ಸಂಬಳದ ಕಡತ ಬ್ಯಾಂಕಿಗೆ ಹೋಗಲು ಒಂದು ಗಂಟೆ ಇದ್ದಾಗ, ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರು ಹೊಸ ದರ 16ರಿಂದ ಅಲ್ಲವೇ ಎಂದು ನನ್ನನ್ನು ಕೇಳಿದರು. ನಾನು ಆದೇಶವನ್ನು ತೆರೆದು ನೋಡಲಿಲ್ಲ. ಪರಿಶೀಲನೆ ಆಗಿದೆ ಎಂದು ಹೇಳಿ ಕಳುಹಿಸಿದೆ. ಅವರು ಹೇಳಿದ್ದು ಸರಿಯಾಗಿತ್ತು. ದಿನಾಂಕವನ್ನು 1 ಎಂದು ನಾನೇ ನಮೂದಿಸಿದ್ದೆ. 214 ಜನರಿಗೆ ಹೆಚ್ಚು ಹಣ ಕಳುಹಿಸಿದೆ, ಮೂರು ತಿಂಗಳು ಅವರಿಂದ ಹಿಂದಕ್ಕೆ ಪಡೆಯಬೇಕಾಯಿತು, ಅದರ ಕಹಿ ಇನ್ನೂ ಪೂರ್ತಿ ಹೋಗಿಲ್ಲ. ದಿನಾಂಕದ ತಪ್ಪು ಐದು ಸೆಕೆಂಡಿನದು. ನನ್ನನ್ನು ಪ್ರಶ್ನಿಸಿದರೆ ಕೆಲಸ ನಿಧಾನವಾಗುತ್ತದೆ ಎಂಬ ಭಾವನೆಯನ್ನು ಅದಕ್ಕೂ ಮೊದಲೇ ಹಲವು ತಿಂಗಳಿಂದ ನಾನು ತಂಡದಲ್ಲಿ ಬೆಳೆಸಿದ್ದೆ. ಈಗ ಯಾರು ಪ್ರಶ್ನೆ ಎತ್ತಿದರೂ ಮೂಲ ಆದೇಶ ನೋಡುವವರೆಗೆ ನಾವು ಕಡತ ಕಳುಹಿಸುವುದಿಲ್ಲ. ಎರಡು ಸಲ ನಿಲ್ಲಿಸಿದ್ದೇವೆ. ಒಮ್ಮೆ ತಪ್ಪು ಸಿಕ್ಕಿತು, ಒಮ್ಮೆ 40 ನಿಮಿಷ ಹೋಯಿತು.’

ಓದಿದರೆ ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಹಸಿವಿರುವ ಸಂದರ್ಶಕರಿಗೆ ಮುಂದಿನ ಪ್ರಶ್ನೆ ಕೇಳಲು ಜಾಗ ಬಿಟ್ಟಿರಬೇಕು. ‘ಇದರಿಂದ ನಾನು ಕಲಿತ ಪಾಠ’ ಎಂದು ಆರಂಭವಾಗುವ ವಾಕ್ಯವನ್ನು ಅವರು ಎರಡು ಬಾರಿ ಸೇರಿಸಿದರು, ಎರಡು ಬಾರಿಯೂ ತೆಗೆಸಿದೆ.

ಆ ದಿನ

ಸಮಿತಿಯಲ್ಲಿ ಮೂವರಿದ್ದರು: ಹಣಕಾಸಿನವರು ಒಬ್ಬರು, ಮಾನವ ಸಂಪನ್ಮೂಲದವರು ಒಬ್ಬರು, ಒಳ ಲೆಕ್ಕಪರಿಶೋಧನೆಯವರು ಒಬ್ಬರು. ಪ್ರಶ್ನೆ ಬಂದಾಗ ಅವರು ಅಭ್ಯಾಸ ಮಾಡಿದ್ದನ್ನೇ ಹೇಳಿದರಂತೆ, ಒಂದು ಕಡೆ ಮಾತ್ರ ತಡವರಿಸಿದರಂತೆ. ಲೆಕ್ಕಪರಿಶೋಧಕರು ಒಪ್ಪಲಿಲ್ಲ. ಕಡ್ಡಾಯವಾದ ತಪಾಸಣೆಯನ್ನು ಮಾಡದೆ, ಆಗಿದೆ ಎಂದು ಹೇಳಿದ್ದು ಅಜಾಗರೂಕತೆಯೋ ಸುಳ್ಳೋ ಎಂದು ನೇರವಾಗಿ ಕೇಳಿದರು. ನಾನು ಊಹಿಸದಿದ್ದ ಪ್ರಶ್ನೆ, ಮತ್ತು ನ್ಯಾಯವಾದ ಪ್ರಶ್ನೆ. ‘ಬೆಳಿಗ್ಗೆ ಒಮ್ಮೆ ಪರಿಶೀಲಿಸಿದ್ದೆ, ದಿನಾಂಕವನ್ನು ನೋಡಿರಲಿಲ್ಲ. ಹಾಗಾಗಿ ಅದು ಅರ್ಧ ಸತ್ಯ’ ಎಂದು ಇವರು ಉತ್ತರಿಸಿದರು.

ಆಮೇಲೆ ಮಾನವ ಸಂಪನ್ಮೂಲದವರು ಕೇಳಿದರು: ‘ಆ ಸಹೋದ್ಯೋಗಿಗೆ ನೀವು ಏನು ಹೇಳಿದಿರಿ?’

ನಾಲ್ಕು ಬಾರಿ ಕುಳಿತರೂ ನಾವು ಇದಕ್ಕೆ ಉತ್ತರ ಹೊಂದಿಸಿರಲಿಲ್ಲ. ಅವರು ಇದ್ದದ್ದನ್ನು ಹೇಳಿದರು. ‘ಮೂರು ವಾರ ಏನೂ ಹೇಳಲಿಲ್ಲ. ಆಮೇಲೆ ತಂಡದ ಸಭೆಯಲ್ಲಿ ಎಲ್ಲರೆದುರು, ಅಂದು ಅವನು ಕೇಳಿದ್ದು ಸರಿ, ನಾನು ಕೇಳಿಸಿಕೊಳ್ಳಲಿಲ್ಲ ಎಂದು ಹೇಳಿದೆ. ಅವನು ತಲೆ ತಗ್ಗಿಸಿ ಕುಳಿತಿದ್ದ. ಮೊದಲು ಒಬ್ಬನನ್ನೇ ಕರೆದು ಹೇಳಬೇಕಿತ್ತು ಎಂದು ಆಮೇಲೆ ಅರ್ಥವಾಯಿತು, ಎಲ್ಲರ ಮುಂದೆ ಹೇಳಿದ್ದು ಅವನಿಗಿಂತ ನನಗೇ ಹೆಚ್ಚು ಉಪಯೋಗವಾಯಿತು.’

ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ 1996ರ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಆಸ್ಪತ್ರೆಯ ದಾದಿಯರ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಒಳ್ಳೆಯ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂದಲ್ಲ. ಅಲ್ಲಿನವರು ತಪ್ಪನ್ನು ಹೇಳಲು ಹೆದರುತ್ತಿರಲಿಲ್ಲ ಎಂಬ ವಿವರಣೆಗೆ ಅವರು ಬಂದರು. ಮಾನವ ಸಂಪನ್ಮೂಲದವರು ಇದನ್ನು ಓದಿದ್ದರೋ ಇಲ್ಲವೋ, ಕೇಳಿದ್ದು ಮಾತ್ರ ಅದನ್ನೇ: ನಿಮ್ಮ ಮುಂದೆ ನಿಂತು ಪ್ರಶ್ನೆ ಕೇಳಿದವರಿಗೆ ಆಮೇಲೆ ಏನಾಗುತ್ತದೆ?

ಹತ್ತು ದಿನಗಳ ನಂತರ ಕೆಲಸ ಸಿಕ್ಕಿತು, ಒಂದು ಷರತ್ತಿನೊಂದಿಗೆ: ಮೊದಲ ಆರು ತಿಂಗಳು ಪಾವತಿ ಕಡತಕ್ಕೆ ಹಣಕಾಸು ವಿಭಾಗದ ಇನ್ನೊಬ್ಬರ ಸಹಿಯೂ ಬೇಕು. ಲೆಕ್ಕಪರಿಶೋಧಕರ ಒತ್ತಾಯ ಅದೆಂದು ಅವರಿಗೆ ಅನಿಸಿತು, ಸ್ವಲ್ಪ ನೋವೂ ಆಯಿತು. ನನ್ನ ಮಟ್ಟಿಗೆ ಅದು ಆ ಸಂದರ್ಶನದ ಅತ್ಯಂತ ಪ್ರಾಮಾಣಿಕ ಫಲಿತಾಂಶ. ನಿಜ ಹೇಳಿದವರ ಮಾತನ್ನು ನಿಜವೆಂದೇ ತೆಗೆದುಕೊಂಡರು.

ಸುದ್ದಿ ಹೇಳಲು ಕರೆ ಮಾಡಿದಾಗ ಅವರು ಕೊನೆಯಲ್ಲಿ ಕೇಳಿದರು: ‘ಅವನಿಗೆ ಏನು ಹೇಳಿದಿರಿ ಎಂಬ ಪ್ರಶ್ನೆಯನ್ನು ನೀವು ನನಗೆ ಏಕೆ ಕೇಳಲಿಲ್ಲ?’

‘ಹೊಳೆಯಲಿಲ್ಲ’ ಎಂದೆ.

‘ಹೊಳೆಯಲಿಲ್ಲವೋ, ನೀವು ಯೋಚಿಸಲಿಲ್ಲವೋ?’